ಇಪ್ಪತ್ತಕ್ಕೆ ಒಂಬತ್ತು

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ದಪ್ಪಗಾಗಿ ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ಆ ಬೆರಳಿಗೆ ಒತ್ತದಿರಲೆಂದು ಬಿಳಿ ಕ್ಯಾನ್ವಾಸ್ ಶೂವಿನ ಮೂತಿಯನ್ನು ಬ್ಲೇಡಿನಿಂದ ದುಂಡಗೆ ಕತ್ತರಿಸಿಕೊಂಡಿದ್ದರು. ಬೆಳಗಿನ ಪ್ರಾರ್ಥನೆಗೆ ಮಕ್ಕಳು ತಲೆ ತಗ್ಗಿಸಿ ನಿಂತರೆ ಎದುರಿಗೆ ಕಾಣುತ್ತಿದ್ದದ್ದು ಆ ತೂತು, ಅದರಿಂದ ಇಣುಕುವ ಹೆಬ್ಬೆರಳು. ಮುಂದಿನ ಸಾಲಿನ ಚಿಕ್ಕವು ಕಿಸಕ್ಕನೆ ನಗುತ್ತಿದ್ದವು. ಅವರು ಬೇಕೆಂದೇ ಬೆರಳು ಅಲ್ಲಾಡಿಸಿ, ತಾವು ಮಾತ್ರ ಏನೂ ಅರಿಯದವರಂತೆ ಆಕಾಶ ನೋಡುತ್ತಿದ್ದರು.

ಅವರು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು. ಶಾಲೆ ಇರುವುದು ರಾಮಕೃಷ್ಣನಗರದಲ್ಲಿ, ಖಾಸಗಿಯವರದು. ನಾನು ಅಲ್ಲಿ ಇಂಗ್ಲಿಷ್ ಮೇಡಂ, ಈಗಲೂ ಅದೇ ಕೆಲಸ. ಉಗುರು ಎಲ್ಲಿ ಹೋಯಿತು ಮೇಷ್ಟ್ರೇ ಎಂದು ಒಮ್ಮೆ ಕೇಳಿದ್ದೆ.

"ಮೂವತ್ತಾರನೇ ಕಿಲೋಮೀಟ್ರಲ್ಲಿ ಓಯ್ತು ಮೇಡಂ," ಎಂದರು, ಬಸ್ಸಿನಲ್ಲಿ ಕೊಡೆ ಬಿಟ್ಟುಬಂದವರ ದನಿಯಲ್ಲಿ. "ಬೆಂಗ್ಳೂರಲ್ಲಿ ಓಡ್ತಿದ್ದೆ. ಓಡೋವಾಗ ಗೊತ್ತೇ ಆಗ್ಲಿಲ್ಲ. ಆಮೇಲೆ ಶೂ ಬಿಚ್ಚಿದ್ರೆ ಸಾಕ್ಸ್ ಒಳಗೆ ಸಿಕ್ತು."

ಹೀಗೆ ಪೂರ್ತಿ ಮ್ಯಾರಥಾನನ್ನು ಅವರು ಐದು ಸಲ ಓಡಿದ್ದರು. ನಲವತ್ತೆರಡು ಕಿಲೋಮೀಟರು ಎಂದರೆ ಎಷ್ಟು ಎನ್ನುವುದು ನಮ್ಮ ಸ್ಟಾಫ್‌ರೂಮಿನಲ್ಲಿ ಯಾರಿಗೂ ಅಂದಾಜಿರಲಿಲ್ಲ. ಇಲ್ಲಿಂದ ಮಂಡ್ಯದಷ್ಟು ಆಗಬಹುದು ಎಂದು ಗಣಿತದ ಮೇಷ್ಟ್ರು ಹೇಳಿದಾಗ, ಅಷ್ಟು ದೂರಕ್ಕೆ ಬಸ್ಸಿಲ್ಲವೇ ಎಂದು ನಾವೆಲ್ಲ ನಕ್ಕಿದ್ದೆವು. ಅವರೂ ನಕ್ಕಿದ್ದರು.

ದಟ್ಟಗಳ್ಳಿಯಾಚೆಯ ತಮ್ಮ ಬಾಡಿಗೆ ಮನೆಯಿಂದ ದಿನಾ ಬೆಳಿಗ್ಗೆ ಓಡುತ್ತ ಹೊರಟು, ಕುಕ್ಕರಹಳ್ಳಿ ಕೆರೆ ಸುತ್ತಿ ವಾಪಸು ಹೋಗುವುದು ಅವರ ಅಭ್ಯಾಸ. ದಾರಿ ನಮ್ಮ ಮನೆಯ ಮುಂದೆಯೇ. ನಾನು ಹಾಲು ಒಲೆಗಿಡುವ ಹೊತ್ತಿಗೆ ರಸ್ತೆಯಲ್ಲಿ ಅವರ ಹೆಜ್ಜೆ ಕೇಳಿಸುತ್ತಿತ್ತು. ಬಲಗಾಲು ಗಟ್ಟಿಯಾಗಿ ಬೀಳುತ್ತಿತ್ತು, ಎಡಗಾಲು ಒಂದು ಕ್ಷಣ ತಡೆದು ಮೆತ್ತಗೆ. ಆ ಬೆರಳಿನ ಕಾರಣ ಇರಬೇಕು. ಇಡೀ ಬಡಾವಣೆಯಲ್ಲಿ ಬೆಳಿಗ್ಗೆ ಓಡುವವರು ಎಷ್ಟೋ ಜನ, ಆದರೆ ಆ ತಾಳ ಇನ್ನಾರಿಗೂ ಇರಲಿಲ್ಲ. ನಾನು ಆ ಸದ್ದಿಗೆ ಗ್ಯಾಸು ಸಣ್ಣ ಮಾಡುತ್ತಿದ್ದೆ.

ಅವರಿಂದ ನನಗೆ ಆದದ್ದು ಇಷ್ಟು. ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ಜಯಲಕ್ಷ್ಮಿಪುರಂನ ಮನೆ ಬಾಡಿಗೆಗೆ ಕೊಟ್ಟು ನನ್ನ ಜೊತೆಗೇ ಬಂದಿದ್ದರು. ಯಾವತ್ತೂ ಇಲ್ಲದ ಉಬ್ಬಸ ನನಗೆ ಆಗ ಅಂಟಿಕೊಂಡಿತು. ಒಂದು ದಿನ ಎರಡನೆಯ ಮಹಡಿಯ ಮೆಟ್ಟಿಲಲ್ಲಿ, ಕೈಯಲ್ಲಿ ನಲವತ್ತು ನೋಟ್‌ಬುಕ್ ಹಿಡಿದು ಉಸಿರು ಸಿಗದೆ ಕೂತುಬಿಟ್ಟೆ. ಸುತ್ತ ನಿಂತವರೆಲ್ಲ, ಮೇಡಂ ಜೋರಾಗಿ ಉಸಿರು ಎಳ್ಕೊಳ್ಳಿ, ಎಳ್ಕೊಳ್ಳಿ ಎಂದು ಕೂಗುತ್ತಿದ್ದರು. ನಾನು ಎಳೆದಷ್ಟೂ ಎದೆ ಬಿಗಿಯುತ್ತಿತ್ತು. ಮೇಷ್ಟ್ರು ಮೈದಾನದಿಂದ ಓಡಿಬಂದು ನನ್ನ ಎರಡು ಮೆಟ್ಟಿಲು ಕೆಳಗೆ ಕುಕ್ಕರುಗಾಲಲ್ಲಿ ಕೂತರು.

"ಎಳ್ಕೋಬೇಡಿ ಮೇಡಂ. ಮೊದ್ಲು ಬುಡಿ. ಒಳಗಿರೋದ್ನೇ ಬುಡ್ದೆ ಎಳ್ಕಂಡ್ರೆ ಅದುಕ್ಕೆ ಜಾಗ ಎಲ್ಲಿದ್ದದು? ದೀಪ ಆರುಸ್ದಂಗೆ ನಿಧಾನುಕ್ಕೆ ಬುಡಿ."

ಬಿಟ್ಟೆ. ಮೂರನೆಯ ಸಲಕ್ಕೆ ಉಸಿರು ತಾನಾಗಿ ಒಳಗೆ ಬಂತು. ಯಾವ ಡಾಕ್ಟರೂ ನನಗೆ ಅಷ್ಟು ಸರಳವಾಗಿ ಹೇಳಿರಲಿಲ್ಲ.

ಅವತ್ತಿನಿಂದ ಸಂಜೆ ಲಾಂಗ್ ಬೆಲ್ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಮೈದಾನದಲ್ಲಿ ನನ್ನನ್ನು ನಡೆಸತೊಡಗಿದರು. ಮೊದಲ ದಿನ ಒಂದೇ ಸುತ್ತು. ತಿಂಗಳು ಕಳೆಯುವಷ್ಟರಲ್ಲಿ ಎಂಟು. ಅವರು ನನ್ನ ಪಕ್ಕ ನಡೆಯುತ್ತಿರಲಿಲ್ಲ. ಒಂದೆರಡು ಹೆಜ್ಜೆ ಮುಂದೆ, ಸ್ವಲ್ಪ ಓರೆಯಾಗಿ, ಮುಖ ತಿರುಗಿಸದೆ. ಅವರದ್ದೊಂದು ಕಟ್ಟುನಿಟ್ಟು ಇತ್ತು: ನಡೆಯುವಾಗ ನಾನು ಮಾತಾಡುತ್ತಲೇ ಇರಬೇಕು.

"ಮಾತು ನಿಂತ್ರೆ ಸ್ಪೀಡು ಜಾಸ್ತಿ ಆಯ್ತು ಅಂತ ಅರ್ಥ. ಏನಾದ್ರೂ ಏಳ್ಕಂಡು ಬನ್ನಿ."

ಮೊದಲು ಪಾಠ ಹೇಳಿದೆ, ಅಡುಗೆ ಹೇಳಿದೆ, ಮಕ್ಕಳ ಚಾಡಿ ಹೇಳಿದೆ. ಹೇಳಲು ಇನ್ನೇನೂ ಉಳಿಯದಾಗ ನನ್ನ ಗಂಡನ ಕೊನೆಯ ಹತ್ತು ದಿನಗಳನ್ನು ಹೇಳಿದೆ. ಅಮ್ಮನಿಗೂ ಅದನ್ನು ಹೇಳಿರಲಿಲ್ಲ. ಮೇಷ್ಟ್ರು ತಿರುಗಿ ನೋಡಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಸುತ್ತು ಮುಗಿದಾಗ "ಏಳು" ಎಂದರು, ಅಷ್ಟೇ. ಎಂಟನೆಯ ಸುತ್ತಿನಲ್ಲಿ ನಾನು ಅಳುತ್ತಲೇ ನಡೆದೆ. ಅಳುತ್ತಿದ್ದರೂ ಉಸಿರು ಹಿಡಿಯಲಿಲ್ಲ ಎನ್ನುವುದು ಮನೆಗೆ ಹೋದ ಮೇಲೆ ನೆನಪಾಯಿತು.

ಇದು ಎಷ್ಟು ದಿನ ನಡೆಯಲು ಸಾಧ್ಯ? ಸ್ಟಾಫ್‌ರೂಮಿನಲ್ಲಿ ಮೊದಲು ಕೆಮ್ಮು, ಆಮೇಲೆ ಮಾತು. "ಮೇಡಂಗೆ ಉಬ್ಬಸ ಕಮ್ಮಿ ಆಯ್ತಂತೆ, ಹುಮ್ಮಸ್ಸು ಜಾಸ್ತಿ ಆಯ್ತಂತೆ" ಎಂದು ಒಬ್ಬಾಕೆ ಚಪಾತಿ ಮುರಿಯುತ್ತ ಹೇಳಿದಳು. ಎಲ್ಲರೂ ನಕ್ಕರು. ನಾನೂ ಒಂದಿಷ್ಟು ಹಲ್ಲು ತೋರಿಸಿದೆ. ಅದು ಅಮ್ಮನ ಕಿವಿಗೂ ಬಿತ್ತು. ಅಮ್ಮ ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ಡಬ್ಬಿಗಿಡುತ್ತ ಕೇಳಿದರು.

"ಯಾವ ಪೈಕಿಯೇ ಅವರು?"

"ಓಡೋ ಪೈಕಿ ಕಣಮ್ಮ," ಎಂದೆ.

ಅಮ್ಮ ನಗಲಿಲ್ಲ. ಮೇಷ್ಟ್ರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ ಎಂಬುದು ಅಮ್ಮನಿಗೆ ಆಗಲೇ ಹೇಗೋ ತಿಳಿದಿತ್ತು. ನನಗೆ ಧೈರ್ಯವಿದ್ದದ್ದು ಆ ಒಂದು ಕುಚೋದ್ಯಕ್ಕೆ ಮಾತ್ರ. ಮಾರನೆಯ ದಿನ ಮೇಷ್ಟ್ರ ಹತ್ತಿರ ಹೋಗಿ, ಪೇಪರ್ ಕರೆಕ್ಷನ್ ತುಂಬಾ ಇದೆ, ಸ್ವಲ್ಪ ದಿನ ಬರಲಾಗುವುದಿಲ್ಲ ಎಂದೆ. "ಆಯ್ತು ಮೇಡಂ" ಎಂದರು. ಆಮೇಲೂ ಹದಿನೈದು ದಿನ ಸಂಜೆ ನಾಲ್ಕೂಮುಕ್ಕಾಲಿನವರೆಗೆ ಅವರು ಮೈದಾನದ ಗೇಟಿಗೆ ಬೀಗ ಹಾಕುತ್ತಿರಲಿಲ್ಲವೆಂದು ಶಾಲೆಯ ಆಯಾ ನನಗೆ ಹೇಳಿದಳು.

ಆ ವರ್ಷವೇ ಶಾಲೆಯ ಆಡಳಿತ ಕೈ ಬದಲಾಯಿಸಿತು. ಹೊಸ ಕಾರ್ಯದರ್ಶಿಗಳಿಗೆ ಶಾಲೆಯ ತುಂಬ ಇಂಗ್ಲಿಷ್ ವಾತಾವರಣ ಬೇಕಿತ್ತು. ಪಾಠ ಮಾಡದ ಸಿಬ್ಬಂದಿಯೂ, ಅಂದರೆ ಡ್ರಾಯಿಂಗ್ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಆಫೀಸಿನವರು, ಆಯಾಗಳು ಎಲ್ಲರೂ ಒಂದು ಚಿಕ್ಕ ಇಂಗ್ಲಿಷ್ ಪರೀಕ್ಷೆ ಬರೆಯಬೇಕೆಂದು ನೋಟಿಸು ಹಾಕಿಸಿದರು. ಪಾಸಾಗದವರಿಗೆ ಜೂನ್‌ನಿಂದ ಕೆಲಸವಿಲ್ಲ. ಪ್ರಶ್ನೆಪತ್ರಿಕೆ ತಯಾರಿಸಿ ತಿದ್ದುವ ಕೆಲಸ ನನ್ನ ತಲೆಗೆ ಬಂತು.

"ತುಂಬಾ ಸಿಂಪಲ್ ಇರಲಿ ಮೇಡಂ," ಎಂದರು ಕಾರ್ಯದರ್ಶಿಗಳು. "ಒಂದು ಪ್ಯಾಸೇಜು, ಇಪ್ಪತ್ತು ಪ್ರಶ್ನೆ, ಒಂದೊಂದು ಮಾರ್ಕು. ಹತ್ತು ಬಂದ್ರೆ ಪಾಸು. ಆದ್ರೆ ನೂಕೋದು ಗೀಕೋದು ಬೇಡ. ನೀವು ಸ್ಟ್ರಿಕ್ಟು ಅಂತಾನೇ ನಿಮಗೆ ಕೊಡ್ತಿರೋದು."

ನೂಕುವುದು ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಮಗು ಮೂವತ್ಮೂರಕ್ಕೆ ನಿಂತರೆ, ಎಲ್ಲೋ ಸೊನ್ನೆ ಕೊಟ್ಟ ಜಾಗದಲ್ಲಿ ಅರ್ಧ, ಅರ್ಧ ಕೊಟ್ಟ ಜಾಗದಲ್ಲಿ ಒಂದು ಮಾಡಿ ಮೂವತ್ತೈದಕ್ಕೆ ಏರಿಸುವುದು. ಎಲ್ಲ ಮೇಷ್ಟ್ರುಗಳೂ ಮಾಡುತ್ತಾರೆ, ಯಾರೂ ಹೇಳಿಕೊಳ್ಳುವುದಿಲ್ಲ. ನಾನು ಎಷ್ಟು ಮಕ್ಕಳನ್ನು ಹೀಗೆ ನೂಕಿದ್ದೇನೋ ನನಗೇ ನೆನಪಿಲ್ಲ.

ಪ್ಯಾಸೇಜಿಗಾಗಿ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮೃಗಾಲಯಕ್ಕೆ ಹೋದದ್ದು, ಅಂಚೆಯವನ ದಿನಚರಿ, ಮಳೆಗಾಲ, ಅವೇ ಹಳಸಲು ಸರಕು. ಹುಡುಕುತ್ತ ಟಾಮ್ ಎಂಬ ಹುಡುಗ ಮೊದಲ ಸಲ ಮ್ಯಾರಥಾನ್ ಓಡಿದ ಕತೆ ಸಿಕ್ಕಿತು. ಒಂದು ಪುಟ, ಸಣ್ಣ ಸಣ್ಣ ವಾಕ್ಯ. ನನಗೆ ಆದ ಸಂತೋಷ ಹೇಳಲಾರೆ. ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದಾಗಿನಿಂದ ಅವರ ಮುಖ ನೋಡಲು ನನಗೆ ಸಂಕೋಚವಾಗುತ್ತಿತ್ತು. ಇದು ಅವರಿಗಾಗಿಯೇ ಇಟ್ಟಂತಿತ್ತು. ಓಟದ ವಿಷಯ, ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತಿರುವುದು, ನೀರು ಕುಡಿದಷ್ಟು ಸುಲಭವಾಗಿ ಬರೆಯುತ್ತಾರೆ ಎಂದುಕೊಂಡೆ. ಬೇರೆ ಯಾವ ಪ್ಯಾಸೇಜು ಆರಿಸಿದ್ದರೂ ಅವರು ಪಾಸಾಗುತ್ತಿದ್ದರು.

ಪರೀಕ್ಷೆ ಶನಿವಾರ ಮಧ್ಯಾಹ್ನ, ಐದನೆಯ ತರಗತಿಯ ಕೋಣೆಯಲ್ಲಿ. ಎಂಟು ಜನ ದೊಡ್ಡವರು ಚಿಕ್ಕ ಬೆಂಚುಗಳಲ್ಲಿ ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ ಕೂತಿದ್ದರು. ಆಯಾ ದೇವರ ಪ್ರಸಾದದ ಹೂವನ್ನು ಮುಡಿಗೆ ಸಿಕ್ಕಿಸಿಕೊಂಡಿದ್ದಳು. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: ಉತ್ತರವೆಲ್ಲ ಪ್ಯಾಸೇಜಿನಲ್ಲೇ ಇದೆ, ಹುಡುಕಿ ಹಾಗೇ ಇಳಿಸಿ, ಹೆದರಬೇಡಿ.

ಮೇಷ್ಟ್ರು ಬೆರಳಿಟ್ಟು ಓದಿದರು. ಎರಡನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. ಮುಖವೆಲ್ಲ ನಗು. ನಾನು ಮೈದಾನಕ್ಕೆ ಹೋಗದೆ ಕಳೆದ ಅಷ್ಟೂ ತಿಂಗಳನ್ನು ಆ ನಗು ಒರೆಸಿಹಾಕಿತು ಎಂದು ನನಗೆ ಆ ಕ್ಷಣ ಅನ್ನಿಸಿತ್ತು. ಆಮೇಲೆ ಬಗ್ಗಿ ಬರೆಯತೊಡಗಿದರು. ನಲವತ್ತು ನಿಮಿಷ ತಲೆಯೆತ್ತಲಿಲ್ಲ. ಕೊನೆಗೆ ಕೈಯೆತ್ತಿ ಅಡಿಷನಲ್ ಶೀಟ್ ಕೇಳಿದರು. ಒಂದೊಂದು ಸಾಲು ಬರೆಯುವ ಪರೀಕ್ಷೆಗೆ ಅಡಿಷನಲ್ ಶೀಟ್! ನನಗೆ ಆಗಲೇ ತಿಳಿಯಬೇಕಿತ್ತು.

ಭಾನುವಾರ ತಿಂಡಿಯಾದ ಮೇಲೆ ಊಟದ ಮೇಜಿನ ಮೇಲೆ ಪೇಪರು ಹರಡಿಕೊಂಡೆ. ಹೆಸರು ಕಾಣದಂತೆ ಮೂಲೆ ಮಡಚಿ ನಂಬರು ಹಾಕಿದ್ದರು. ಐದನೆಯ ನಂಬರು ಯಾರದ್ದೆಂದು ತಿಳಿಯಲು ಹೆಸರೇನೂ ಬೇಕಿರಲಿಲ್ಲ.

ಟಾಮ್ ಎಷ್ಟು ತಿಂಗಳು ಅಭ್ಯಾಸ ಮಾಡಿದ ಎಂಬುದು ಒಂದು ಪ್ರಶ್ನೆ. ಪ್ಯಾಸೇಜಿನಲ್ಲಿ ಮೂರು ತಿಂಗಳು ಎಂದಿತ್ತು. ಮೇಷ್ಟ್ರು ತಮ್ಮ ಮುರುಕು ಇಂಗ್ಲಿಷಿನಲ್ಲಿ "ಒನ್ ಇಯರ್ ಮಸ್ಟ್" ಎಂದು ಬರೆದಿದ್ದರು. ಓಟ ಮುಗಿದ ತಕ್ಷಣ ಟಾಮ್ ಏನು ಮಾಡಿದ? ಕೂತು ಬಾಳೆಹಣ್ಣು ತಿಂದ ಎಂಬುದು ಉತ್ತರ. ಅವರು ಬರೆದದ್ದು: "ಡೋಂಟ್ ಸಿಟ್. ವಾಕ್ ಟೆನ್ ಮಿನಿಟ್." ಗೆರೆ ದಾಟಿದಾಗ ಅವನಿಗೆ ಏನನ್ನಿಸಿತು? ತುಂಬಾ ಸಂತೋಷವಾಯಿತು ಎಂದಿರಬೇಕಿತ್ತು. "ನೋ ಹ್ಯಾಪಿ. ಓನ್ಲಿ ವಾಟರ್ ವಾಂಟ್. ಹ್ಯಾಪಿ ಕಮ್ ಆಫ್ಟರ್ ಟೂ ಡೇಸ್." ಹೀಗೇ ಸಾಗಿತ್ತು. ಕೆಲವಕ್ಕೆ ಉತ್ತರ ಅರ್ಧ ಪುಟ ಹರಿದು, ನೀರು ಎಷ್ಟು ಕುಡಿಯಬೇಕು, ಲೇಸು ಹೇಗೆ ಕಟ್ಟಬೇಕು ಎಂಬ ತನಕ ಹೋಗಿತ್ತು. ಯಾವ ಯಾವ ಪ್ರಶ್ನೆ ಟಾಮನ ಕಾಲಿನದೋ, ಉಸಿರಿನದೋ, ಅಲ್ಲೆಲ್ಲ ಟಾಮನನ್ನು ಪಕ್ಕಕ್ಕೆ ಸರಿಸಿ ಇವರೇ ಓಡಿದ್ದರು. ಊರಿನ ಹೆಸರು, ಬನಿಯನ್ನಿನ ಬಣ್ಣ, ದೂರ ಎಷ್ಟು ಎನ್ನುವಂಥವು ಮಾತ್ರ ಪ್ಯಾಸೇಜಿನಲ್ಲಿದ್ದ ಹಾಗೆ.

ಕೊನೆಯ ಪ್ರಶ್ನೆ: ಮೂವತ್ತನೆಯ ಕಿಲೋಮೀಟರಿನಲ್ಲಿ ಟಾಮನಿಗೆ ತುಂಬಾ ಸುಸ್ತಾದರೂ ಅವನು ಏಕೆ ನಿಲ್ಲಲಿಲ್ಲ? ಗೆಳೆಯರು ಚಪ್ಪಾಳೆ ತಟ್ಟುತ್ತಿದ್ದರು, ಅದಕ್ಕೆ. ಮೇಷ್ಟ್ರು ಬರೆದಿದ್ದರು: "ಇಫ್ ಸ್ಟಾಪ್, ನಾಟ್ ಸ್ಟಾರ್ಟ್ ಅಗೇನ್." ನಿಂತರೆ ಮತ್ತೆ ಹೊರಡಲು ಆಗುವುದಿಲ್ಲ ಎಂದು.

ಕೂಡಿದೆ. ಒಂಬತ್ತು. ಮತ್ತೊಮ್ಮೆ ಕೂಡಿದೆ.

ಒಂದೇ ಒಂದು ಅಂಕ. ಆ ಕೊನೆಯ ಉತ್ತರಕ್ಕೆ ಕೊಟ್ಟರೆ ಮುಗಿಯಿತು, ಯಾರು ಕೇಳುತ್ತಾರೆ? ಪೆನ್ನು ಅದರ ಮೇಲೆ ಬಹಳ ಹೊತ್ತು ನಿಂತಿತ್ತು. ನನ್ನ ಕಿವಿಯಲ್ಲಿ ಮಾತ್ರ ಚಪಾತಿ ಮುರಿಯುತ್ತಿದ್ದ ಆ ದನಿ ಕೇಳಿಸಿತು: ಮೇಡಂ ಮೇಷ್ಟ್ರನ್ನ ನೂಕಿದ್ರಂತೆ, ಓಟದ ಪ್ಯಾಸೇಜನ್ನೇ ಕೊಟ್ಟಿದ್ರಂತೆ, ಆದ್ರೂ ನೂಕ್ಬೇಕಾಯ್ತಂತೆ. ಅಡುಗೆಮನೆಯಲ್ಲಿ ಅಮ್ಮ ಓಡಾಡುತ್ತಿದ್ದರು. ನಾನು ತಪ್ಪು ಹಾಕಿದೆ. ಮೇಲೆ ಒಂಬತ್ತು ಎಂದು ಬರೆದು, ಸುತ್ತ ವೃತ್ತ ಎಳೆದು, ಕೆಳಗೆ ಎರಡು ಗೆರೆ ಹಾಕಿದೆ. ಆ ಎರಡು ಗೆರೆ ನನ್ನ ಹಳೆಯ ರೂಢಿ. ಮಕ್ಕಳು ಅದಕ್ಕೆ ಮೇಡಂ ರೈಲು ಎನ್ನುತ್ತಾರೆ, ಒಂದು ಚಕ್ರ, ಎರಡು ಹಳಿ. ಅವತ್ತು ನಾನು ಮಾಡಿದ್ದಕ್ಕೆ ನ್ಯಾಯ ಎಂದು ಹೆಸರಿಟ್ಟುಕೊಂಡೆ. ಅದು ಹೆದರಿಕೆ, ಬೇರೇನೂ ಅಲ್ಲ.

ಉಳಿದ ಏಳು ಜನ ಪಾಸು. ಒಂದಕ್ಷರ ಅರ್ಥವಾಗದೆ, ಪ್ರಶ್ನೆಯಲ್ಲಿದ್ದ ಪದವನ್ನೇ ಪ್ಯಾಸೇಜಿನಲ್ಲಿ ಹುಡುಕಿ ಆ ಸಾಲನ್ನು ಇಡಿಯಾಗಿ ಇಳಿಸಿದ್ದ ಆಯಾಗೆ ಹನ್ನೊಂದು ಬಂದಿತ್ತು. ಎಂಟು ಜನರಲ್ಲಿ ಮ್ಯಾರಥಾನ್ ಓಡಿದವರು ಒಬ್ಬರೇ. ಫೇಲಾದವರೂ ಅವರೊಬ್ಬರೇ.

ಸೋಮವಾರ ಸಂಜೆ ಪೇಪರು ಹಿಡಿದು ಸ್ಟಾಫ್‌ರೂಮಿಗೆ ಬಂದರು. ನಾನು ಒಬ್ಬಳೇ ಇದ್ದೆ. ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

"ಪ್ಯಾಸೇಜಿನಲ್ಲಿ ಇದ್ದದ್ದು ಬರೀರಿ ಅಂತ ಹೇಳಿದ್ದೆನಲ್ಲ ಮೇಷ್ಟ್ರೇ," ಎಂದೆ. ನನ್ನ ದನಿ ನನಗೇ ಮೇಡಂ ದನಿಯಾಗಿ ಕೇಳಿಸಿತು.

"ಏಳಿದ್ರಿ ಮೇಡಂ. ನಿಮ್ಮದೇನೂ ತಪ್ಪಿಲ್ಲ." ಪೇಪರನ್ನು ಮಡಚಿದರು, ಬಿಚ್ಚಿದರು. "ಅದ್ನ ನೋಡ್ದೇಟ್ಗೆ ಗೊತ್ತಾಗೋಯ್ತು, ನನಗೋಸ್ಕರಾನೇ ಉಡ್ಕಿ ತಂದಿದ್ದೀರ ಅಂತ. ಅಷ್ಟು ಪ್ರೀತಿಯಿಂದ ಕೇಳ್ದೋರ್ಗೆ ಎಂಗೆ ಸುಳ್ಳು ಬರೆಯೋದು? ಆ ಟಾಮ್ ಅನ್ನೋನು ಓಡೇ ಇಲ್ಲ ಮೇಡಂ. ಓಡಿದೋನು ಕೂರಕ್ಕಿಲ್ಲ."

ಕಾರ್ಯದರ್ಶಿಗಳ ಹತ್ತಿರ ಹೋಗಿ ಮಾತಾಡುತ್ತೇನೆ ಎನ್ನಬಹುದಿತ್ತು. ಅಂಕಪಟ್ಟಿ ಅವರ ಮೇಜಿಗೆ ಹೋಗಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಏಪ್ರಿಲ್ ಕೊನೆಗೆ ಸ್ಟೋರ್ ರೂಮಿನ ಬೀಗದಕೈ ಆಫೀಸಿಗೆ ಒಪ್ಪಿಸಿ ಹೊರಟರು. ಕೊರಳಲ್ಲಿ ಸೀಟಿ ಇರಲಿಲ್ಲ, ಅದೂ ಶಾಲೆಯದೇ. ನನ್ನನ್ನು ಕಂಡು ಗೇಟಿನ ಹತ್ತಿರ ನಿಂತರು.

"ಸಾಯಂಕಾಲ ನಡೀರಿ ಮೇಡಂ. ಬುಡಬ್ಯಾಡಿ. ನಾನಿಲ್ದಿದ್ರೂ ಮೈದಾನ ಅಲ್ಲೇ ಇರ್ತದೆ."

ಐವತ್ತು ದಾಟಿದ ಪಿ.ಟಿ. ಮೇಷ್ಟ್ರಿಗೆ ಇನ್ನೊಂದು ಶಾಲೆ ಸಿಗಲಿಲ್ಲ. ಕಡಕೊಳದ ಯಾವುದೋ ಕಾರ್ಖಾನೆಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರೆಂದು ಆಯಾ ಹೇಳಿದಳು. ಬೆಳಿಗ್ಗೆ ಆರಕ್ಕೆಲ್ಲ ಗೇಟಿನಲ್ಲಿರಬೇಕು, ಹನ್ನೆರಡು ಗಂಟೆ ಡ್ಯೂಟಿ. ಓಡುವ ಹೊತ್ತು ಬಸ್ಸು ಹಿಡಿಯುವ ಹೊತ್ತಾಯಿತು. ನಮ್ಮ ಬೀದಿಯಲ್ಲಿ ಆ ಹೆಜ್ಜೆ ನಿಂತುಹೋಯಿತು. ಹಾಲು ಎರಡು ಮೂರು ಸಲ ಉಕ್ಕಿ ಒಲೆಯೆಲ್ಲ ಆಯಿತು. "ಎಲ್ಲೇ ಇರುತ್ತೆ ನಿನ್ನ ಜ್ಞಾನ" ಎಂದು ಅಮ್ಮ ಬೈದರು.

ಒಮ್ಮೆ ಮಾತ್ರ ಅವರನ್ನು ನೋಡಿದೆ. ನಂಜನಗೂಡಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಅಮ್ಮನ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಡಕೊಳದಲ್ಲಿ ಬಸ್ಸು ನಿಂತಾಗ ಎದುರಿನ ಗೇಟಿನಲ್ಲಿ ನೀಲಿ ಸಮವಸ್ತ್ರ ಹಾಕಿಕೊಂಡು ನಿಂತಿದ್ದರು. ಲಾರಿಗೆ ದಾರಿ ಬಿಡಲು ಗೇಟಿನ ಅಡ್ಡ ಕಂಬಿ ಎತ್ತುತ್ತಿದ್ದರು. ಹೊಟ್ಟೆ ಸ್ವಲ್ಪ ಬಂದಿತ್ತು. ನಾನು ನೋಡಿದ್ದು ಕಾಲನ್ನು. ಕರಿಯ ಚರ್ಮದ ಬೂಟು, ಮೂತಿ ಗಟ್ಟಿಯಾಗಿ ಮುಚ್ಚಿಕೊಂಡದ್ದು. ಆ ಬೆರಳು ಅದರೊಳಗೆ ಹೇಗಿದೆಯೋ ಎಂದುಕೊಂಡೆ. ಕಿಟಕಿಯಿಂದ ಕೂಗಿದ್ದರೆ ಕೇಳಿಸುವಷ್ಟು ಹತ್ತಿರ. ಅಮ್ಮ ಪಕ್ಕದಲ್ಲಿದ್ದರು. ನಾನು ಕೂಗಲಿಲ್ಲ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಮುಂದಿನ ಚಳಿಗಾಲದಲ್ಲಿ ಅವರು ಹೋದರು. ಡ್ಯೂಟಿಯ ನಡುವೆ, ಮಧ್ಯಾಹ್ನದ ಊಟ ಮುಗಿಸಿ ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಎದೆ ನಿಂತಿತು ಎಂದರು. ನನಗೆ ಸುದ್ದಿ ತಲುಪುವಷ್ಟರಲ್ಲಿ ಮಣ್ಣಾಗಿ ಹತ್ತು ದಿನ ಕಳೆದಿತ್ತು. ಕೂರಬಾರದು, ಹತ್ತು ನಿಮಿಷ ನಡೆಯಬೇಕು ಎಂದು ಬರೆದವರಿಗೆ ನಾನು ಹಾಕಿದ ತಪ್ಪು ಗುರುತು ಆ ದಿನವೆಲ್ಲ ಕಣ್ಣ ಮುಂದೆಯೇ ಇತ್ತು.

ಭಾನುವಾರ ಅಮ್ಮನಿಗೆ ಹೇಳಿಯೇ ಅವರ ಮನೆಗೆ ಹೋದೆ. ಅಮ್ಮ ಈ ಸಲ ಏನೂ ಕೇಳಲಿಲ್ಲ. ಎರಡು ಕೋಣೆಯ ಮನೆ. ಬುದ್ಧನ ಪಟದ ಕೆಳಗೆ ಮೊಳೆಯೊಂದಕ್ಕೆ ಐದು ಪದಕ ಒಂದರ ಮೇಲೊಂದು ತೂಗುಹಾಕಿದ್ದವು. ಅವರ ಹೆಂಡತಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಾರೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹಾಗೇ ಇತ್ತು. ನಾನು ಯಾರೆಂದು ಹೇಳುವ ಮೊದಲೇ "ಇಂಗ್ಲಿಸ್ ಮೇಡಂ ಅಲ್ವಾ?" ಎಂದು ಕೈ ಹಿಡಿದು ಒಳಗೆ ಕರೆದರು.

ಸ್ವಲ್ಪ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಒಳಗೆ ನನ್ನ ಪ್ರಶ್ನೆಪತ್ರಿಕೆ, ಕೆಂಪು ಗೀಟಿನ ಆ ಹಳೆಯ ಉತ್ತರಪತ್ರಿಕೆ, ಜೊತೆಗೆ ಗೆರೆ ಹಾಕಿದ ಹೊಸ ಹಾಳೆ.

"ರಜ ಇದ್ದಾಗೆಲ್ಲ ಇದ್ನೇ ಕೂತ್ಕಂಡು ಬರೀತಿದ್ರು ಮೇಡಂ. ಬರ್ಯೋದು, ಅರ್ದು ಬಿಸಾಕೋದು. ಕೊನೆಗೆ ಇದು ಸರಿಯಾಯ್ತು ಅಂದ್ರು. ಮೇಡಂಗೆ ಒಂದ್ಸಲ ತೋರುಸ್ಬೇಕು, ಟೈಮ್ ಸಿಕ್ಲಿ ಅಂತಿದ್ರು. ನೀವೇ ಬಂದ್ರಿ. ನೋಡ್ಬುಡಿ."

ಹೊಸ ಹಾಳೆಯನ್ನು ತೆಗೆದುಕೊಂಡೆ. ಟಾಮ್ ಮೂರು ತಿಂಗಳು ಅಭ್ಯಾಸ ಮಾಡಿದ. ಟಾಮ್ ಕೂತು ಬಾಳೆಹಣ್ಣು ತಿಂದ. ಟಾಮನಿಗೆ ತುಂಬಾ ಸಂತೋಷವಾಯಿತು. ಪ್ಯಾಸೇಜಿನ ಒಂದೊಂದು ಸಾಲನ್ನೂ ಹುಡುಕಿ, ಮೂರನೆಯ ತರಗತಿಯ ಮಗುವಿನ ಹಾಗೆ ದುಂಡಗೆ ಇಳಿಸಿದ್ದರು. ಹತ್ತೊಂಬತ್ತು ಉತ್ತರ ಹಾಗೆ. ಇಪ್ಪತ್ತನೆಯದು ಮಾತ್ರ ಮೊದಲು ಬರೆದದ್ದೇ: ನಿಂತರೆ ಮತ್ತೆ ಹೊರಡಲು ಆಗುವುದಿಲ್ಲ.

"ಸರಿ ಇದ್ರೆ ರೈಟ್ ಆಕ್ಕೊಡಿ ಮೇಡಂ. ಪಟದ ಮುಂದೆ ಇಡ್ತೀನಿ."

ಕೆಂಪು ಪೆನ್ನು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಒಂದೊಂದಾಗಿ ಸರಿ ಹಾಕಿದೆ. ಕೊನೆಯದಕ್ಕೆ ಬಂದಾಗ ಕೈ ನಿಂತಿತು. ಅವರು ಹಾಳೆಯತ್ತ ಬಗ್ಗಿದರು.

"ಅದೊಂದು ತಪ್ಪಾ?"

"ಇಲ್ಲ ಅಕ್ಕಾ, ಸರಿಯಾಗಿದೆ," ಎಂದು ಹೇಳಿ ಅದಕ್ಕೂ ಸರಿ ಹಾಕಿದೆ.

"ನಂಗ್ ಗೊತ್ತಿತ್ತು," ಎಂದರು ಅವರು. "ಮೊದ್ಲುನೇ ಪೇಪರು ಬ್ಯಾರೆ ಯಾರೋ ತಿದ್ದಿದ್ರಂತಲ್ಲ, ಆಫೀಸ್ನೋರು ಒರಗಡೆಯಿಂದ ಕರುಸ್ದೋರು. ನಮ್ ಮೇಡಂ ಕೈಗೆ ಬಂದಿದ್ರೆ ನಾನು ಪಾಸಾಯ್ತಿದ್ದೆ ಕಣೇ ಅಂತ ಏಳ್ತಾನೇ ಇದ್ರು. ಒಂದ್ ದಿನಾನೂ ನಿಮ್ಮುನ್ನ ಬುಟ್ಕೊಟ್ಟು ಮಾತಾಡ್ಲಿಲ್ಲ."

ಟಾಮನ ಬಗ್ಗೆ ಒಂದು ಸಾಲು ಸುಳ್ಳು ಬರೆಯಲಾರದೆ ಕೆಲಸ ಕಳೆದುಕೊಂಡವರು, ನನಗೋಸ್ಕರ ಹೆಂಡತಿಯ ಹತ್ತಿರ ಇಷ್ಟು ದೊಡ್ಡ ಸುಳ್ಳು ಹೇಳಿದ್ದರು. ನನಗೆ ತಲೆಯೆತ್ತಲು ಆಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಹಾಳೆಯ ಮೇಲೆ ಇಪ್ಪತ್ತು ಎಂದು ಬರೆದೆ, ಸುತ್ತ ವೃತ್ತ ಎಳೆದೆ, ಕೆಳಗೆ ಎರಡು ಗೆರೆ ಹಾಕಿದೆ.

ಹಾಕಿದ ಮೇಲೆ ನೋಡಿದೆ. ಹಳೆಯ ಪೇಪರು ಪಕ್ಕದಲ್ಲೇ ಬಿಚ್ಚಿಕೊಂಡು ಬಿದ್ದಿತ್ತು. ಅಲ್ಲಿ ಒಂಬತ್ತು, ಇಲ್ಲಿ ಇಪ್ಪತ್ತು. ಅದೇ ವೃತ್ತ, ಅದೇ ಎರಡು ಗೆರೆ, ಬಲಗಡೆಗೆ ಸ್ವಲ್ಪ ಏರಿದ್ದೂ ಹಾಗೇ. ಅವರ ಹೆಂಡತಿಗೆ ಇಂಗ್ಲಿಷ್ ಬಾರದು. ಆದರೆ ಅಳತೆಯ ಬ್ಲೌಸನ್ನು ಒಮ್ಮೆ ನೋಡಿ ಅದರಂತೆಯೇ ಕತ್ತರಿಸುವ ಕಣ್ಣು ಅದು. ಅವರ ನೋಟ ಹಳೆಯದರ ಮೇಲೆ ಹೋಯಿತು, ಹೊಸದಕ್ಕೆ ಬಂತು, ಮತ್ತೆ ಹಳೆಯದಕ್ಕೆ ಹೋಯಿತು. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ.

"ಕಾಪಿ ಮಾಡ್ಲಾ ಮೇಡಂ?" ಎಂದರು.

ಹೇಳಬೇಕೆಂದು ಬಾಯಿ ತೆರೆದೆ. ಎಷ್ಟೋ ದಿನದ ಮೇಲೆ ಎದೆ ಬಿಗಿಯಿತು. ಅವರು ಒಳಗೆ ಹೋಗಿ ಕಾಫಿ ತಂದುಕೊಟ್ಟರು. ನಾನು ಕುಡಿದೆ. ಬಾಗಿಲವರೆಗೆ ಬಂದು, ನಿಧಾನಕ್ಕೆ ಹೋಗಿ ಎಂದರು. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೆವ್ವ ಭೂತ ನಂಬುವವಳಲ್ಲ ನಾನು. ಆದರೂ ಅವತ್ತಿನಿಂದ ಬೆಳಿಗ್ಗೆ ಹಾಲು ಒಲೆಗಿಟ್ಟಾಗ ಬೀದಿಯಲ್ಲಿ ಆ ಹೆಜ್ಜೆ ಕೇಳಿಸುತ್ತದೆ. ಬಲಗಾಲು ಗಟ್ಟಿಯಾಗಿ, ಎಡಗಾಲು ಒಂದು ಕ್ಷಣ ತಡೆದು ಮೆತ್ತಗೆ. ಮೊದಲು ಹಾದುಹೋಗುತ್ತಿತ್ತು. ಈಗ ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ. ನಾನು ಗ್ಯಾಸು ಸಣ್ಣ ಮಾಡಿ ಹೊರಗೆ ಹೋಗಿ ನೋಡುತ್ತೇನೆ. ಪಕ್ಕದ ಮನೆಯವರು ರಂಗೋಲಿ ಹಾಕುತ್ತಿರುತ್ತಾರೆ, ಪೇಪರಿನವನು ಹೋಗಿರುತ್ತಾನೆ, ಬೇರೆ ಯಾರೂ ಇರುವುದಿಲ್ಲ. ಸಂಜೆ ಮೈದಾನದಲ್ಲಿ ಎಂಟು ಸುತ್ತು ನಡೆಯುತ್ತೇನೆ, ಯಾರು ಏನೇ ಅಂದುಕೊಳ್ಳಲಿ ಎಂದು ಗಟ್ಟಿಯಾಗಿ ಮಾತಾಡಿಕೊಂಡೇ ನಡೆಯುತ್ತೇನೆ. ಅಲ್ಲೂ ಮೇಷ್ಟ್ರೇ ಒಂದೆರಡು ಹೆಜ್ಜೆ ಮುಂದಿರುತ್ತಾರೆ. ಎಂಟನೆಯ ಸುತ್ತಿನಲ್ಲಿ ಆ ಒಂದು ವಾಕ್ಯದ ಹತ್ತಿರ ಬಂದಾಗ ಮಾತು ನಿಲ್ಲುತ್ತದೆ, ಉಸಿರು ಹಿಡಿಯುತ್ತದೆ.

ಮೊದಲು ಬಿಡಬೇಕು ಎಂದು ಕಲಿಸಿದವರು ಅವರು. ಆ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಕೂತು ನಾನು ಬಿಡಲಾರದೆ ನುಂಗಿಕೊಂಡು ಬಂದ ವಾಕ್ಯ ಬಹಳ ಚಿಕ್ಕದು.

ಅಕ್ಕಾ, ಆ ಮೊದಲನೆಯ ಪೇಪರು ತಿದ್ದಿದವಳು ನಾನೇ.